ಕಂಚಿಗೆ ಎರಡೆಳೆ

ಒಂದೇ ಸೂರು, ಅದರ ಕೆಳಗೆ ಮೂರು ಸದ್ದು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ತಮ್ಮನ ಪಾರ್ಟ್ಸ್ ಅಂಗಡಿ. ಅಲ್ಲಿ ಡ್ರಾಯರು ಎಳೆದು ತಳ್ಳುವ ಸದ್ದು, ರಟ್ಟಿನ ಡಬ್ಬಿಗಳ ಕರಕರ. ಪಕ್ಕದ ತಗಡಿನ ಶೆಡ್ಡಿನಲ್ಲಿ ಗಂಡನ ಮೋಟಾರ್‌ಸೈಕಲ್ ಗ್ಯಾರೇಜು. ಅಲ್ಲಿ ಸ್ಪ್ಯಾನರು ನೆಲಕ್ಕೆ ಬೀಳುವ ಸದ್ದು, ಬೆನ್ನಿಗೇ ಗಂಡನ ಬೈಗುಳ. ಹಿಂದಿನ ಕೋಣೆಯಲ್ಲಿ ಅಪ್ಪ ಬಿಟ್ಟುಹೋದ ಲೇತು, ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ. ಅದರ ಸದ್ದು ಅವಳದು. ಬೆಲ್ಟು ಗಾಲಿಯೇರಿ ಒಮ್ಮೆ ಗುಂಯ್ ಎಂದು ಹಿಡಿದ ಶ್ರುತಿಯನ್ನು ಮಧ್ಯಾಹ್ನದವರೆಗೆ ಬಿಡುತ್ತಿರಲಿಲ್ಲ. ಉಳಿದೆರಡು ಸದ್ದುಗಳೂ ಆ ಶ್ರುತಿಯ ಮೇಲೆಯೇ ಆಡಿಕೊಂಡಿವೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ.

ಬೀದಿಯವರು ಅವಳನ್ನು ಲೇತಕ್ಕ ಎನ್ನುತ್ತಿದ್ದರು.

ಅಪ್ಪನಿಗೆ ಮಗ ಕಲಿಯಲಿ ಎಂದಿತ್ತು. ಮಗನೋ, ಕೈಗೆ ಎಣ್ಣೆ ತಾಗಿದರೆ ಚರ್ಮ ಕಿತ್ತು ಬರುವ ತನಕ ಸೋಪು ಉಜ್ಜುವವನು. ಕಲಿತದ್ದು ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮಗಳು. ಅಪ್ಪ ಕೆಲಸ ಹೇಳಿಕೊಟ್ಟವನಲ್ಲ, ಹಾಡಿದವನು. ಯಾವ ಲೋಹಕ್ಕೆ ಯಾವ ವೇಗ, ಯಾವ ತೂತಿಗೆ ಎಷ್ಟು ಸಡಿಲ, ಎಲ್ಲಕ್ಕೂ ಅವನ ಹತ್ತಿರ ತಾನೇ ಕಟ್ಟಿದ ಒಂದು ಪದವಿತ್ತು. ಲೇತಿನ ಗುಂಯ್‌ಗುಡುವಿಕೆಗೆ ತಾಳ ಸೇರಿಸಿ ಅದನ್ನು ಹೇಳುವನು:

ಬೀಡಿಗೆ ಒಂದೆಳೆ, ಕಂಚಿಗೆ ಎರಡೆಳೆ,
ಬಿಟ್ಟವನ ಎಂಜಿನ್ನು ಬೆಟ್ಟವ ಹತ್ತೀತು;
ಬಿಗಿದವನ ಜಾಣತನ ಬಿಸಿಗೆ ಬತ್ತೀತು.

ಬೀಡೆಂದರೆ ಬೀಡು ಕಬ್ಬಿಣ. ಕಾದರೆ ಅಷ್ಟಾಗಿ ಹಿಗ್ಗದು. ಒಂದು ಕೂದಲೆಳೆಯಷ್ಟು ಎಡೆ ಬಿಟ್ಟರೆ ಸಾಕು. ಕಂಚು ಹಾಗಲ್ಲ, ಬಿಸಿಯಾದರೆ ಉಬ್ಬುತ್ತದೆ, ಎರಡೆಳೆ ಬೇಕು. ಪದ ಮುಗಿಯುವಷ್ಟರಲ್ಲಿ ಕೆಲಸವೂ ಮುಗಿಯಬೇಕು. ಮುಗಿದ ಮಾಲಿನ ಅಂಚಿಗೆ ಅಪ್ಪ ಪಂಚ್ ಇಟ್ಟು ಸುತ್ತಿಗೆಯಿಂದ ಟಕ್ ಎಂದು ಒಂದು ಚುಕ್ಕೆ ಹೊಡೆಯುವನು. ಸಾಸಿವೆಗಿಂತ ಸಣ್ಣದು. "ನಾನು ಮಾಡಿದ್ದು ಅಂತ ಹೇಳ್ಕೊಳ್ಳೋಕಲ್ಲ," ಎನ್ನುವನು. "ಕೆಟ್ಟರೆ ಯಾರ ಹತ್ರ ಬಂದು ಜಗಳ ಆಡ್ಬೇಕು ಅಂತ ಗಿರಾಕಿಗೆ ಗೊತ್ತಿರ್ಲಿ ಅಂತ."

ಆ ಪಂಚು ಈಗ ಅವಳದಾಗಿತ್ತು. ಹೊಡೆಯಲು ಮಾಲು ಮಾತ್ರ ಕಡಿಮೆಯಾಗುತ್ತ ಬಂದಿತ್ತು. ಗೇಟಿನ ಪಿನ್ನು, ಪಂಪಿನ ಬುಷ್ಷು, ಹೊಲಿಗೆ ಯಂತ್ರದ ಕಾಲು, ಅಷ್ಟೇ. ಪಕ್ಕದ ಶೆಡ್ಡಿನಲ್ಲಿ ದಿನವೂ ಎಂಜಿನ್ನುಗಳು ಬಿಚ್ಚಿಕೊಂಡು ಬಿದ್ದಿರುತ್ತಿದ್ದವು, ಒಂದು ಗೋಡೆಯ ಆಚೆ. ಆ ಗೋಡೆ ದಾಟಿ ಒಂದು ಕೆಲಸವೂ ಈಚೆ ಬರುತ್ತಿರಲಿಲ್ಲ.

ಅವಳ ಗಂಡನಿಗೆ ಬೀದಿಯಲ್ಲೆಲ್ಲ ಮೇಸ್ತ್ರಿ ಎಂದೇ ಹೆಸರು. ಮದುವೆಗೆ ಮುಂಚೆ ಒಮ್ಮೆ ಯಾರೋ ಕೈಯಲ್ಲಿ ಮಾಡಿದ ಪಿನ್ನನ್ನು ನಂಬಿ ಎಂಜಿನ್ನೊಂದನ್ನು ಒಡೆದುಕೊಂಡಿದ್ದನಂತೆ. ಅಂದಿನಿಂದ ಅವನದು ಒಂದೇ ಮಂತ್ರ: ಕಂಪನಿದು ಕಂಪನಿದೇ. ಮಾಲು ಕೈಗೆ ಬಂದರೆ ಸಾಕು, ನೋಡಬೇಕಾಗಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ ಎಂದು ಅವನ ಜಂಬ. ಹೆಂಡತಿಯ ಕೈಯಿಂದ ಒಂದು ಬುಷ್ ಮಾಡಿಸಬಾರದೇ ಎಂದು ಯಾರಾದರೂ ಕೆಣಕಿದರೆ, "ಹೆಂಡ್ತಿ ಮಾಡಿದ ಅಡುಗೆ ಉಣ್ಬಹುದಪ್ಪ. ಹೆಂಡ್ತಿ ಮಾಡಿದ ಬುಷ್ ಹಾಕಿದ್ರೆ ಗಿರಾಕಿ ನನ್ನನ್ನೇ ಉಂಡುಬಿಡ್ತಾನೆ," ಎನ್ನುವನು. ಎಲ್ಲರೂ ನಗುವರು. ಗೋಡೆಯಾಚೆ ಅವಳೂ ಕೇಳಿಸಿಕೊಳ್ಳುವಳು.

ತಮ್ಮನಿಗೆ ಹಿಂದಿನ ಕೋಣೆ ಗೋಡೌನಿಗೆ ಬೇಕಿತ್ತು. "ತಪ್ಪು ತಿಳ್ಕೋಬೇಡ ಅಕ್ಕಾ. ಲೇತು ಸುಮ್ನೆ ಎಣ್ಣೆ ಕುಡ್ಕೊಂಡು ನಿಂತಿದೆ. ನನ್ನ ಮಾಲು ಮೆಟ್ಟಿಲ ಮೇಲೆ ಮಲಗಿದೆ." ಅವಳು ಲೇತಿನ ಮೇಲಿನ ಧೂಳು ಒರೆಸುವಳು. ಧೂಳಿರುತ್ತಿರಲಿಲ್ಲ, ಆದರೂ.

ಹೀಗಿರುವಾಗ ಒಂದು ಹಳೆಯ ಮಾಡೆಲ್ಲಿನ ಗಾಡಿಗೆ ವಾಲ್ವ್ ಗೈಡು ಬರುವುದು ನಿಂತುಹೋಯಿತು. ಎಂಜಿನ್ನಿನ ವಾಲ್ವು ನೆಟ್ಟಗೆ ಏರಿ ಇಳಿಯಲು ಇರುವ ಬೆರಳುದ್ದದ ಕೊಳವೆ ಅದು. ಸಣ್ಣ ವಸ್ತು, ಆದರೆ ಅದಿಲ್ಲದೆ ಗಾಡಿಯಿಲ್ಲ. ಊರಿನ ಅರ್ಧ ಗಾಡಿಗಳು ಅದೇ ಮಾಡೆಲ್ಲಿನವು. ತಮ್ಮ ಒಂದು ಬೆಳಿಗ್ಗೆ ಸವೆದ ಗೈಡೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದ. "ಇಂಥದ್ದು ನಿನ್ನ ಕೈಲಿ ಆಗುತ್ತಾ?"

ಅವಳು ಮೂಲೆಯಲ್ಲಿದ್ದ ಅಪ್ಪನ ಕಾಲದ ಬೀಡು ಕಂಬಿ ಎಳೆದಳು. ಪದ ಮುಗಿಯಿತು, ಗೈಡೂ ಮುಗಿಯಿತು. ಚುಕ್ಕೆ ಹೊಡೆಯಲು ಪಂಚ್ ಹುಡುಕುವಷ್ಟರಲ್ಲಿ ತಮ್ಮ ಮಾಲು ಕಸಿದುಕೊಂಡು ಶೆಡ್ಡಿಗೆ ಓಡಿದ್ದ. ಮೇಸ್ತ್ರಿ ಅದನ್ನು ಮುಟ್ಟಲೂ ಇಲ್ಲ. "ಡಬ್ಬಿ ಎಲ್ಲಿ?" ಎಂದ.

ಮರುದಿನ ತಮ್ಮ ಅದೇ ಗೈಡನ್ನು ಕಂಪನಿಯ ಹಳೆಯ ಖಾಲಿ ಡಬ್ಬಿಯಲ್ಲಿಟ್ಟು, ಬಾಯಿಗೆ ಅಂಟು ಹಚ್ಚಿ, "ಎಲ್ಲೋ ಒಂದು ಸಿಕ್ತು ಭಾವ," ಎಂದು ಕೊಟ್ಟ. ಡಬ್ಬಿ ಸಿಕ್ಕಿದ್ದು ಭಾವನ ಕಸದ ಬುಟ್ಟಿಯಲ್ಲೇ. ಮೇಸ್ತ್ರಿ ಡಬ್ಬಿ ಒಡೆದು ಗೈಡಿನ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣು ಮುಚ್ಚಿ, "ಹಾಂ. ನೋಡು, ಇದು ಮಾಲು," ಎಂದನಂತೆ.

ತಮ್ಮ ಹಿಂದಿನ ಕೋಣೆಗೆ ಬಂದು ಇದನ್ನು ನಟಿಸಿ ತೋರಿಸಿದಾಗ ಅವನ ಕಣ್ಣಲ್ಲಿ ನಗುವಿನ ನೀರು. ಅವಳೂ ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ತಮ್ಮ ಹೇಳಿದ: "ಹೀಗೇ ನಡೀಲಿ ಅಕ್ಕಾ. ಕೋಣೆ ಮಾತು ನಾನು ಎತ್ತಲ್ಲ. ಚುಕ್ಕೆ ಮಾತ್ರ ಹಾಕ್ಬೇಡ."

ಲೇತು ತಿರುಗುತ್ತದಲ್ಲ ಎಂದು ಒಪ್ಪಿದಳು. ಅಪ್ಪನ ಪಂಚು ಡ್ರಾಯರಿನೊಳಗೆ ಹೋಯಿತು.

ಅಲ್ಲಿಂದ ಶುರುವಾಯಿತು ಅವಳ ಕಳ್ಳ ಸುಖ. ಊಟಕ್ಕೆ ಕೂತಾಗ ಗಂಡ ತನ್ನ ದಿನವನ್ನು ಹೇಳುವನು. ಮೊದಲಿಂದಲೂ ಅವನು ಹೇಳುವವನು, ಅವಳು ಕೇಳುವವಳು. "ಇವತ್ತಿನ ಗೈಡ್ ನೋಡ್ಬೇಕಿತ್ತು ನೀನು. ಗೆರೆ ಇಲ್ಲ, ಗೀರಿಲ್ಲ." ಅವಳು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ತನ್ನ ಮದುವೆಯ ಮಾತನ್ನು ಮರೆಯಲ್ಲಿ ನಿಂತು ಕೇಳುವ ಹುಡುಗಿಯ ಹಾಗೆ ಕಿವಿ ಬಿಸಿಯಾಗುತ್ತಿತ್ತು. ಮಾತು ತನ್ನದೇ, ಮುಖ ಮಾತ್ರ ಬೇರೆ ಯಾರದ್ದೋ ಕಡೆಗೆ. ಇದ್ದರೆ ಇರಲಿ. ಹಸಿದವರು ತಟ್ಟೆ ಯಾರದ್ದೆಂದು ಕೇಳುತ್ತಾರೆಯೇ?

ಬೀಡು ಕಂಬಿ ಮುಗಿದಾಗ ತಮ್ಮ ಹಳದಿ ಕಂಚಿನ ಕಂಬಿ ತಂದ. ಡಬ್ಬಿ ತೆರೆದರೆ ಬಂಗಾರದ ಹಾಗೆ ಹೊಳೆಯಬೇಕಂತೆ. ಅವಳು ಪದದ ಪ್ರಕಾರ ಎರಡೆಳೆ ಬಿಟ್ಟಳು. ಅಂದು ಊಟದ ಹೊತ್ತಿಗೆ ಮೇಸ್ತ್ರಿ ಮುಖ ಸಿಂಡರಿಸಿದ.

"ಕಂಪನಿಯವ್ರೂ ಕೆಟ್ರು ಕಣೇ. ಬಣ್ಣ ನೋಡಿದ್ರೆ ಬಂಗಾರ. ವಾಲ್ವ್ ಇಳಿಸಿದ್ರೆ ಗಿಣಿ ಪಂಜರದಲ್ಲಿ ಗುಬ್ಬಿ ಬಿಟ್ಟ ಹಾಗಿದೆ. ಸಡಿಲ."

"ಬಿಸಿಯಾದ ಮೇಲೆ ಸರಿಹೋಗುತ್ತೇನೋ," ಎಂದಳು, ನೀರು ಹಾಕುತ್ತ.

"ನಿಂಗೇನು ಗೊತ್ತು ಕಂಪನಿ ಲೆಕ್ಕ?"

ನನಗಲ್ಲದೆ ಇನ್ನಾರಿಗೆ ಗೊತ್ತು ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ತುತ್ತಿನ ಜೊತೆ ನುಂಗಿದಳು. ಅನ್ನಕ್ಕಿಂತ ಗಟ್ಟಿಯಾಗಿತ್ತು.

ಮುಂದಿನ ಸಲ ಲೇತಿನ ಮುಂದೆ ನಿಂತಾಗ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ. ಕಂಚು ಲೇತಿನ ಚಕ್ಕಿನ ಹಿಡಿತದಲ್ಲಿ ತಿರುಗುತ್ತಿತ್ತು, ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ಎರಡೆಳೆ, ಎರಡೆಳೆ ಎಂದು ಅಪ್ಪನ ಪದ ಕಿವಿಯೊಳಗೆ ಏಳುತ್ತಿತ್ತು. ಅವಳು ಲೇತಿನ ವೇಗ ಹೆಚ್ಚಿಸಿದಳು. ಸದ್ದು ಏರಿತು, ಪದ ಅದರಡಿ ಮುಳುಗಿತು. ಒಂದೆಳೆ ಬಿಟ್ಟು ನಿಲ್ಲಿಸಿದಳು.

ಮೇಸ್ತ್ರಿ ಅಂದು ಕೈ ತೊಳೆಯದೆಯೇ ಹೇಳಲು ಬಂದ. "ಇವತ್ತಿಂದು ಬಂತು ನೋಡು, ಕಂಪನಿದು ಅಂದ್ರೆ. ವಾಲ್ವು ಜೇನಲ್ಲಿ ಅದ್ದಿದ ಹಾಗೆ ಇಳೀತು. ಮಾಡಿದವನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು."

ಅವಳು ತನ್ನ ಕೈ ನೋಡಿಕೊಂಡಳು. ಲೇತಿನ ಮುಂದೆ ನಿಲ್ಲುವ ಕೈಯಲ್ಲಿ ಬಳೆ ಇರಬಾರದೆಂದು ಅಪ್ಪ ಹೇಳಿದ್ದ. ಅಂದಿನಿಂದ ಅದು ಬರಿಗೈ. ಅಲ್ಲಲ್ಲಿ ಬಿಸಿ ಸಿಪ್ಪೆ ಹಾರಿ ಸುಟ್ಟ ಕಲೆ.

ಆ ಗೈಡು ಬ್ರೆಡ್ಡಿನವನ ಗಾಡಿಗೆ ಹೋಯಿತು. ಹಿಂದೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೆಳಗಾಗುವ ಮೊದಲೇ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವ ಮನುಷ್ಯ. ಊರೊಳಗೆ ಓಡಾಡುವ ತನಕ ಗಾಡಿ ಚೆನ್ನಾಗಿತ್ತು. ಒಂದು ದಿನ ಭಾರ ಹೇರಿಕೊಂಡು ಊರಾಚೆಯ ಏರು ರಸ್ತೆ ಹಿಡಿದ. ಅರ್ಧ ಏರಿಗೆ ಎಂಜಿನ್ನು ಕಾಯಿತು, ಕಂಚು ಉಬ್ಬಿತು, ವಾಲ್ವು ಗೈಡಿನೊಳಗೆ ಕಚ್ಚಿಕೊಂಡಿತು, ಪಿಸ್ಟನ್ನು ಬಂದು ಅದಕ್ಕೆ ಗುದ್ದಿತು. ಹಿಂದಿನ ಚಕ್ರ ನಿಂತ ಕಡೆಯೇ ನಿಂತಿತು. ಅವನು ನಿಲ್ಲಲಿಲ್ಲ.

ಪುಣ್ಯಕ್ಕೆ ಮುರಿದದ್ದು ಮಣಿಕಟ್ಟು ಮಾತ್ರ.

ಬಿಳಿ ಪಟ್ಟಿ ಸುತ್ತಿದ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಅವನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದ. ಗಾಡಿಯನ್ನು ಯಾರೋ ತಳ್ಳಿಕೊಂಡು ತಂದಿದ್ದರು. ಬೀದಿಯ ನಾಲ್ಕು ಜನ ಶೆಡ್ಡಿನ ಬಾಗಿಲಲ್ಲಿ ಸೇರಿದ್ದರು. ಅವಳು ಹಿಂದಿನ ಕೋಣೆಯಲ್ಲಿ ಬೆಲ್ಟು ಇಳಿಸಿ ಗೋಡೆಗೆ ಕಿವಿಯಾಗಿ ನಿಂತಿದ್ದಳು.

"ಮೇಸ್ತ್ರಿ, ನಿಮ್ಮನ್ನ ನಂಬಿ ಏರು ಹತ್ತಿದೆ," ಬ್ರೆಡ್ಡಿನವನ ದನಿ. "ಬ್ರೆಡ್ಡೆಲ್ಲ ರಸ್ತೆ ಪಾಲಾಯ್ತು. ನಿಮ್ಮ ಕೆಲಸ ನಾಯಿಗಳಿಗೆ ಮಾತ್ರ ತುಂಬ ಹಿಡಿಸ್ತು ನೋಡಿ."

ಯಾರೋ ನಕ್ಕರು. ಬೋಲ್ಟು ಬಿಚ್ಚುವ ಸದ್ದು. ಎಂಜಿನ್ನಿನ ತಲೆ ಮೇಜಿನ ಮೇಲೆ ಕೂತ ಸದ್ದು. ಆಮೇಲೆ ವಾಲ್ವನ್ನು ಎಳೆಯಲು ನೋಡಿದ ಸದ್ದು.

"ಗೈಡ್ ಕಚ್ಕೊಂಡಿದೆ," ಎಂದ ಮೇಸ್ತ್ರಿ.

"ಕಂಪನಿ ಮಾಲು ಭಾವ," ತಮ್ಮನ ದನಿ, ತಣ್ಣಗೆ. "ಡಬ್ಬಿ ನೀವೇ ಒಡೆದ್ರಿ. ಮಾಲಲ್ಲಿ ಐಬಿದ್ದಿದ್ರೆ ನಿಮ್ಮ ಹೆಬ್ಬೆರಳಿಗೆ ಅವತ್ತೇ ಗೊತ್ತಾಗ್ತಿತ್ತಲ್ಲ."

"ಅಂದ್ರೆ?"

"ಅಂದ್ರೆ ಏನಿಲ್ಲ. ಅವತ್ತು ನಿಮಗೆ ಆತುರ ಇತ್ತು. ಮನುಷ್ಯ ಅಂದ್ಮೇಲೆ ಆಗುತ್ತೆ."

"ನಾಳೆಯಿಂದ ಈ ಬೀದಿಗೆ ನಮ್ಮವರ ಒಂದು ಗಾಡಿ ಬಂದ್ರೆ ಕೇಳಿ," ಎಂದ ಬ್ರೆಡ್ಡಿನವನು.

ಗಂಡ ಮಾತಾಡಲಿಲ್ಲ. ಅವನ ಬೈಗುಳ ಕೇಳಿ ಕೇಳಿ ಬೇಸತ್ತಿದ್ದ ಅವಳಿಗೆ ಆ ಮೌನ ತಡೆಯಲಾಗಲಿಲ್ಲ. ಎಷ್ಟೆಂದರೂ ಅವನು ತಪ್ಪು ಮಾಡಿರಲಿಲ್ಲ. ಕೈ ಒರೆಸಿಕೊಂಡು ಶೆಡ್ಡಿಗೆ ಹೋದಳು. ಹೋಗುವಾಗಲೇ ಗೊತ್ತಿತ್ತು: ಹೇಳಿದರೆ ತಮ್ಮನ ಅಂಗಡಿ ಬೀಳುತ್ತದೆ, ಲೇತೂ ನಿಲ್ಲುತ್ತದೆ. ಆದರೆ ಒಮ್ಮೆಯಾದರೂ ಮಾತು ಯಾರದ್ದೋ ಅವರ ಕಡೆ ಮುಖ ಮಾಡುತ್ತದೆ.

"ಆ ಗೈಡು ಕಂಪನಿದಲ್ಲ," ಎಂದಳು. "ನಾನು ಮಾಡಿದ್ದು. ಇದಕ್ಕೆ ಮೊದಲಿನವೂ ನಾನು ಮಾಡಿದ್ದೇ. ಇದರಲ್ಲಿ ಎಡೆ ಕಮ್ಮಿ ಬಿಟ್ಟೆ. ಇವರದ್ದೇನೂ ತಪ್ಪಿಲ್ಲ."

ಬ್ರೆಡ್ಡಿನವನು ಅವಳನ್ನು ನೋಡಿದ, ಮೇಜಿನ ಮೇಲಿದ್ದುದನ್ನು ನೋಡಿದ, ನಕ್ಕ. ನಕ್ಕದ್ದಕ್ಕೆ ಮಣಿಕಟ್ಟು ನೋವಾಗಿ ಹಲ್ಲು ಕಚ್ಚಿದ. "ಲೇತಕ್ಕ, ಗಂಡನ್ನ ಕಾಯೋಕೆ ಸುಳ್ಳು ಹೇಳು, ಬೇಡ ಅನ್ನಲ್ಲ. ನಂಬೋ ಹಾಗಿರೋದು ಹೇಳು. ಇದು ಕೈಯಲ್ಲಿ ಮಾಡಿದ್ದಾ? ಮುಖ ಕಾಣೋ ಹಾಗಿದೆ."

ಇಷ್ಟು ವರ್ಷಕ್ಕೆ ಅವಳ ಕೆಲಸವನ್ನು ಅವಳ ಮುಖಕ್ಕೇ ಯಾರೋ ಹೊಗಳಿದ್ದು ಅದೇ ಮೊದಲು.

"ಬಾ," ಎಂದಳು. "ಕಂಬಿ ಇನ್ನೂ ಇದೆ. ನಿನ್ನ ಕಣ್ಣೆದುರೇ ಇನ್ನೊಂದು ಮಾಡ್ತೀನಿ."

ತಮ್ಮನ ಮುಖ ಸುಣ್ಣವಾಯಿತು. ಬ್ರೆಡ್ಡಿನವನು ಸ್ಟೂಲಿನಿಂದ ಅರ್ಧ ಎದ್ದ. ಎದ್ದು ನಾಲ್ಕು ಹೆಜ್ಜೆ ಬಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಅವಳು ನೋಡುತ್ತಿದ್ದದ್ದು ಗಂಡನ ಹೆಬ್ಬೆರಳನ್ನು. ಅದು ಗೈಡಿನ ಹೊರಚಾಚಿದ ಅಂಚಿನ ಮೇಲೆ ಮೆಲ್ಲಗೆ ಸುತ್ತುತ್ತಿತ್ತು, ಕುರುಡನ ಬೆರಳು ಮಗುವಿನ ಮುಖದ ಮೇಲೆ ಆಡುವಂತೆ. ಒಂದು ಕಡೆ ನಿಂತಿತು. ಅವನು ತಲೆ ಎತ್ತಿ ಅವಳ ಕಣ್ಣನ್ನೇ ನೋಡಿದ. ಗೊತ್ತಾಗಿದೆ, ಎಂದುಕೊಂಡಳು. ಅವಳ ಎದೆ ಹಗುರಾಯಿತು.

"ನಿಮ್ಮಪ್ಪನ ಚುಕ್ಕೆ ಎಲ್ಲಿ?" ಎಂದ ಮೇಸ್ತ್ರಿ.

"ಹಾಕಿಲ್ಲ."

ಅವನು ಬಾಗಿಲಿನವರ ಕಡೆ ತಿರುಗಿದ. "ಆ ಲೇತಿಂದ ಚುಕ್ಕೆ ಇಲ್ಲದೆ ಒಂದು ಮಾಲು ಇಳಿದದ್ದು ಈ ಬೀದೀಲಿ ಯಾರಾದ್ರೂ ಕಂಡಿದ್ದೀರಾ?"

ಯಾರೂ ಕಂಡಿರಲಿಲ್ಲ.

"ಇವಳ ಮಾತು ಬಿಡಿ. ಹೆಂಗಸು, ಹೆದರಿದ್ದಾಳೆ." ಅವನ ದನಿ ನಿಧಾನವಾಗಿತ್ತು, ಒಂದೊಂದು ಮಾತನ್ನೂ ಅಳೆದು ಕತ್ತರಿಸಿದ ಹಾಗೆ. "ಗೈಡ್ ಕೂರಿಸುವಾಗ ನಾನು ಎಣ್ಣೆ ಬಿಡೋದು ಮರೆತಿದ್ದೆ. ತಪ್ಪು ನಂದು. ನಿಮ್ಮ ಗಾಡಿ ನಾನು ಸರಿಮಾಡಿ ಕೊಡ್ತೀನಿ. ಕೈ ವಾಸಿಯಾಗೋ ತನಕ ಬ್ರೆಡ್ಡೂ ನಾನೇ ಹಾಕಿ ಬರ್ತೀನಿ."

ಬ್ರೆಡ್ಡಿನವನು ಮತ್ತೆ ಕೂತ. ತಪ್ಪೊಪ್ಪಿಕೊಂಡವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು? ಜನ ಚದುರಿದರು. ಮೇಸ್ತ್ರಿ ದೊಡ್ಡ ಮನುಷ್ಯ ಎಂದು ಯಾರೋ ಅಂದದ್ದು ಬೀದಿಯಿಂದ ಕೇಳಿಸಿತು.

ಅವಳು ಅಲ್ಲೇ ನಿಂತಿದ್ದಳು. ಎಣ್ಣೆ ಬಿಡದ ಮೂರ್ಖ ಎನ್ನಿಸಿಕೊಳ್ಳುವುದು ಅವನಿಗೆ ಸಹ್ಯ. ಹೆಂಡತಿ ಮಾಡಿದ್ದನ್ನು ಕಂಪನಿದೆಂದು ಮೆಚ್ಚಿದವನು ಎನ್ನಿಸಿಕೊಳ್ಳುವುದು ಸಹ್ಯವಲ್ಲ. ಇಷ್ಟೇ ಲೆಕ್ಕ.

ಸಂಜೆ ಶೆಡ್ಡಿನ ಬಾಗಿಲು ಎಳೆದ ಮೇಲೆ ಅವನು ಹಿಂದಿನ ಕೋಣೆಗೆ ಬಂದ. ಬಾಗಿಲ ಹೊರಗೇ ನಿಂತ.

"ಶುರುವಿಂದಾನಾ?"

"ಹೂಂ."

"ಗೆರೆ ಇಲ್ಲ, ಗೀರಿಲ್ಲ ಅಂದಿದ್ನಲ್ಲ?"

"ಅದೂ ನಂದೇ."

ಅವನು ಲೇತನ್ನು ನೋಡುತ್ತ ನಿಂತ. "ಸಡಿಲ ಅಂದಿದ್ದು?"

"ನಂದೇ. ಅದೇ ಸರಿಯಾಗಿತ್ತು."

ಮೇಸ್ತ್ರಿಯ ಬಾಯಿಂದ ಬೈಗುಳವಾದರೂ ಬರಲಿ ಎಂದು ಅವಳು ಕಾದಳು. ಬರಲಿಲ್ಲ. ಜೇನಲ್ಲಿ ಅದ್ದಿದ ಹಾಗೆ ಎಂದ ಮಾತಿಗಾಗಿ ತಾನು ಒಂದೆಳೆ ನುಂಗಿದ್ದು, ಅದರಿಂದ ಒಬ್ಬನ ಕೈ ಮುರಿದದ್ದು, ಇಬ್ಬರ ನಡುವೆ ಆ ಹೊಸ್ತಿಲ ಮೇಲೆ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳುವವರಿರಲಿಲ್ಲ.

"ಬ್ರೆಡ್ಡಿನವನ ಗಾಡಿಗೆ ಒಂದು ಬೇಕು," ಎಂದ ಕೊನೆಗೆ. "ಸರಿಯಾಗಿರೋದು."

"ಮಾಡ್ತೀನಿ."

"ಡಬ್ಬಿಯಲ್ಲಿಟ್ಟು ಕೊಡು."

ಮರುದಿನ ಬೆಳಿಗ್ಗೆ ಅವಳು ಲೇತು ಹಾಕಿದಳು. ಕಂಚು ತಿರುಗಿತು. ಪದ ಬಾಯಿಬಿಟ್ಟು ಹೇಳಿದಳು, ಗೋಡೆಯಾಚೆ ಕೇಳಿಸುವಷ್ಟು. ಎರಡೆಳೆ ಬಿಟ್ಟಳು. ಆಮೇಲೆ ಡ್ರಾಯರು ಎಳೆದು ಪಂಚ್ ತೆಗೆದಳು. ಅಂಚಿನ ಮೇಲೆ ಟಕ್. ಒಂದೇ ಪೆಟ್ಟು. ಡಬ್ಬಿಯಲ್ಲಿಟ್ಟು ತಾನೇ ಹೋಗಿ ಗಂಡನ ಮೇಜಿನ ಮೇಲಿಟ್ಟು ಬಂದಳು. ಜೇನಿನ ಮಾತು ಕೇಳಿದ ಮೇಲೆ ಒಂದೆಳೆಗೇ ಮಾಡಿಕೊಟ್ಟಿದ್ದ ಉಳಿದ ಬಿಗಿ ಗೈಡುಗಳನ್ನು ತಮ್ಮನ ಕಪಾಟಿನಿಂದ ಕೇಳಿ ತಂದು ಒಂದೊಂದಕ್ಕೂ ತೂತು ಹಿಗ್ಗಿಸುವ ರೀಮರ್ ಆಡಿಸಿ ಇನ್ನೊಂದೆಳೆ ಬಿಡತೊಡಗಿದಳು. ಮುರಿಯಲು ಊರಲ್ಲಿ ಇನ್ನೂ ಮಣಿಕಟ್ಟುಗಳಿದ್ದವು.

ಬ್ರೆಡ್ಡಿನವನು ಬಂದ ಸದ್ದು ಕೇಳಿತು. ಸ್ಟೂಲು ಎಳೆದ ಸದ್ದು. ಡಬ್ಬಿಯ ಅಂಟು ಬಿಚ್ಚಿದ ಸದ್ದು. ಅವಳು ರೀಮರ್ ಹಿಡಿದ ಕೈ ನಿಲ್ಲಿಸಿದಳು. ಹೆಬ್ಬೆರಳು ಈಗ ಸುತ್ತುತ್ತಿದೆ. ಈಗ ಚುಕ್ಕೆಯ ಹತ್ತಿರ ಬಂತು.

ಮೇಜಿನ ಮೇಲೆ ಏನನ್ನೋ ತಡಕಾಡಿದ ಸದ್ದು.

ಆಮೇಲೆ ಅರ ತಿಕ್ಕಿದ ಸದ್ದು. ಚುರ್ರ್, ಚುರ್ರ್. ಆತುರವಿಲ್ಲದ, ಪಳಗಿದ ಕೈಯ ಸದ್ದು.

"ಏನದು ಮೇಸ್ತ್ರಿ?"

"ಏನಿಲ್ಲ. ಒಂದು ಮುಳ್ಳಿತ್ತು."

"ಕಂಪನಿ ಮಾಲಲ್ಲೂ ಮುಳ್ಳಾ?"

"ಎಲ್ಲೋ ಒಂದೊಂದರಲ್ಲಿ ಇರುತ್ತೆ," ಎಂದ ಗಂಡ. ವಾಲ್ವು ಇಳಿಸಿ ಅಲುಗಾಡಿಸಿದ. ಅಷ್ಟು ಎಡೆಯಿದ್ದ ವಾಲ್ವಿನ ಸಣ್ಣ ಕಿಣಿಕಿಣಿ ಅವಳಿಗೂ ಕೇಳಿಸಿತು. "ನೋಡಿ, ಹೀಗಿರ್ಬೇಕು. ಕಂಚಿಗೆ ಇಷ್ಟು ಎಡೆ ಬೇಕು. ಕಂಪನಿದು ಕಂಪನಿದೇ."

ಅವಳು ಉಳಿದ ಗೈಡುಗಳನ್ನು ಮುಗಿಸಿದಳು. ಅರ್ಧಕ್ಕೆ ಬಿಡುವುದು ಅವಳ ಜಾಯಮಾನವಲ್ಲ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಲೇತಿನ ಬೆಲ್ಟನ್ನು ಗಾಲಿಯಿಂದ ಬಿಚ್ಚಿ, ಸುರುಳಿ ಸುತ್ತಿ, ಮೊಳೆಗೆ ನೇತುಹಾಕಿದಳು. ಪಂಚನ್ನು ಸೆರಗಿಗೆ ಕಟ್ಟಿಕೊಂಡಳು. ಕೋಣೆಯ ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಹೋಗಿ ತಮ್ಮನ ಮುಂದಿಟ್ಟಳು.

"ಗೋಡೌನ್ ಮಾಡ್ಕೋ."

ತಮ್ಮ ಬೀಗದ ಕೈ ನೋಡಿದ, ಬಟ್ಟೆಯ ಗಂಟು ನೋಡಿದ. ಬೇಕೆಂದು ಎಷ್ಟೋ ಕಾಲ ಕೇಳಿದ್ದು ಕೈಗೆ ಬಂದಾಗ ಅವನು ಬೆನ್ನ ಹಿಂದೆ ತಿರುಗಿ ನೋಡಿದ. ಹಿಂದಿನ ಕಪಾಟಿನಲ್ಲಿ ಖಾಲಿ ಡಬ್ಬಿಗಳ ಸಾಲು, ಒಂದರ ಮೇಲೊಂದು.

"ಅಕ್ಕಾ, ಈ ಡಬ್ಬಿಗೆಲ್ಲ ಏನು ತುಂಬ್ಲಿ ನಾನು?"

"ಕಂಪನಿದು ತುಂಬು."

ಮೆಟ್ಟಿಲಿಳಿದು ಬೀದಿಗೆ ಬಂದಳು. ಡ್ರಾಯರು ಎಳೆದ ಸದ್ದು ಕೇಳಿತು, ಸ್ಪ್ಯಾನರು ಬಿದ್ದ ಸದ್ದೂ ಕೇಳಿತು. ಬೈಗುಳ ಅದರ ಹಿಂದೆ ಬರಲಿಲ್ಲ. ಮೇಸ್ತ್ರಿ ಶೆಡ್ಡಿನೊಳಗೆ ತಲೆ ಎತ್ತಿ, ಹಿಂದಿನ ಗೋಡೆಯ ಕಡೆ ಕಿವಿಗೊಟ್ಟು ಕೂತಿದ್ದ. ಏನೋ ಇಲ್ಲವಾಗಿದೆ ಎಂದು ತಿಳಿದಿತ್ತು. ಬ್ರೆಡ್ಡಿನವನು ಏನಾಯಿತು ಎಂದ. ಏನಿಲ್ಲ ಎಂದು ಅವನು ಮತ್ತೆ ಸ್ಪ್ಯಾನರಿಗೆ ಬಗ್ಗಿದ.